ನನ್ನ ಜಾಗದಲ್ಲಿ ನಡೆದವನು

ಕಳವಾ, ಠಾಣೆ
೨೨ ಫೆಬ್ರುವರಿ ೨೦೦೯, ಭಾನುವಾರ

ಪ್ರೀತಿಯ ಕಾಂಚನಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ನರ್ಸ್‌ಬಾಯಿ ಕೊಟ್ಟ ಕೆಂಪು ಗುಳಿಗೆಗಳನ್ನು ನೀನು ನುಂಗದೆ ಜೋಳದ ಚೀಲದ ಹಿಂದೆ ಒಗೆಯುತ್ತಿದ್ದೀ ಎಂದು ನಿನ್ನ ಅವ್ವ ದೂರು ಹೇಳಿದರು. ಹಾಗೆ ಮಾಡಬೇಡ. ಕಹಿಯಾದರೆ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ. ರಾತ್ರಿ ಮಗ್ಗುಲು ಬದಲಿಸುವಾಗ ಎದ್ದು ಕುಳಿತು ಬದಲಿಸಬೇಕಂತೆ. ಪಕ್ಕದ ಖೋಲಿಯ ಅಕ್ಕು ಹೇಳಿದ್ದು. ನೀನು ಹೊರ್ತಿಯ ತವರುಮನೆಗೆ ಹೋದಾಗಿನಿಂದ ನಳದ ಸರದಿಯಲ್ಲಿ ನಿನ್ನ ಕೊಡ ಕಾಣುವುದಿಲ್ಲವೆಂದು ಆಕೆಗೂ ಬೇಸರ. ದಿನಕ್ಕೊಮ್ಮೆಯಾದರೂ ನಿನ್ನ ಹೆಸರು ತೆಗೆಯುತ್ತಾಳೆ.

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯಬೇಕು. ಮೈಗೇನೂ ಆಗಿಲ್ಲ, ಆ ಮಟ್ಟಿಗೆ ಕ್ಷೇಮವೇ. ಆದರೆ ಅವ್ವನೂ ನಾನೂ ಮಾತು ಬಿಟ್ಟು ನಾಲ್ಕು ದಿನವಾಯಿತು. ಅವಳು ರೊಟ್ಟಿ ಬಡಿದು ತಟ್ಟೆಗೆ ಹಾಕುತ್ತಾಳೆ, ನಾನು ಉಂಡು ಡ್ಯೂಟಿಗೆ ಹೋಗುತ್ತೇನೆ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನಿರುವುದು ಪಡಸಾಲೆಯಲ್ಲಿ. ನಾನು ಒಂದು ಮಾತಾಡಿದರೆ ನಿನ್ನ ಅಣ್ಣ, ಅತ್ತಿಗೆ, ಎದುರುಮನೆಯವರು ಎಲ್ಲರೂ ಕಿವಿಗೊಡುತ್ತಾರೆ. ಬಸುರಿ ಹೆಂಡತಿಗೆ ಇಂಥದನ್ನು ಬರೆಯಬಾರದೆಂದು ಎರಡು ಸಲ ಕಾಗದ ಹರಿದೆ. ಕಡೆಗೆ, ನಿನಗಲ್ಲದೆ ಇನ್ಯಾರಿಗೆ ಬರೆಯಲಿ ಎನ್ನಿಸಿತು.

ನಮ್ಮ ಮದುವೆಯ ದಿನ ನಿಮ್ಮ ಕಡೆಯ ಹಿರಿಯರೊಬ್ಬರು ಎಲ್ಲರೆದುರು ‘ಮಿಲಿಟರಿ ಬಿಟ್ಟು ಓಡಿ ಬಂದ ವರ’ ಅಂದದ್ದು ನೆನಪಿರಬೇಕು. ನೀನು ಅಂದು ರಾತ್ರಿ ಕೇಳಿದೆ, ಹೌದೇನ್ರೀ ಎಂದು. ಓಡಿ ಬರಲಿಲ್ಲ, ಅರ್ಜಿ ಹಾಕಿ, ಮಂಜೂರು ಮಾಡಿಸಿಕೊಂಡು, ಕೊಟ್ಟ ಸಾಮಾನೆಲ್ಲ ಒಪ್ಪಿಸಿ ಬಂದೆ ಎಂದು ಹೇಳಿದೆ. ಅದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದೆ, ನೀನೂ ಮುಂದೆ ಕೆದಕಲಿಲ್ಲ. ಹದಿನೇಳು ವರ್ಷದ ಕರಾರಿಗೆ ಸೇರಿದವನು ಒಂಬತ್ತು ವರ್ಷಕ್ಕೇ ಹೊರಬಿದ್ದೆ. ತಮ್ಮ ಮಾಪಣ್ಣ ಕಾಮಾಲೆಯಿಂದ ಇಲ್ಲಿ ಕಳವಾದಲ್ಲಿ ತೀರಿಕೊಂಡಾಗ ನಾನು ಕಾಶ್ಮೀರದ ಮೇಲಿನ ಪೋಸ್ಟಿನಲ್ಲಿದ್ದೆ. ಸುದ್ದಿ ತಲುಪಿ, ಹಿಮ ಸರಿಸಿ ದಾರಿ ಬಿಡಿಸಿ, ನಾನು ಮನೆ ಮುಟ್ಟುವಷ್ಟರಲ್ಲಿ ಅವನ ಅಂಗಿಗಳನ್ನು ಕೂಡ ಯಾರಿಗೋ ಕೊಟ್ಟಾಗಿತ್ತು. ಅಪ್ಪ ಮೊದಲೇ ಇಲ್ಲ. ಅವ್ವ ಖೋಲಿಯ ಮೂಲೆಯಲ್ಲಿ ಕುಳಿತವಳು ನನ್ನನ್ನು ನೋಡಿ ಅಳಲೂ ಇಲ್ಲ. ‘ಮಾಪ್ಯಾ ಹೋದ. ನೀನರೆ ನನ್ನ ಕಣ್ಣ ಮುಂದ ಇರಪಾ’ ಅಂದಳು. ಆ ಒಂದು ಮಾತಿಗೆ ನಾನು ರಜೆ ಮುಗಿಸಿ ಹೋದವನೇ ಡಿಸ್ಚಾರ್ಜ್ ಅರ್ಜಿ ಕೊಟ್ಟೆ.

ಅಲ್ಲಿ ನನ್ನ ಕೆಲಸವೇನಿತ್ತೆಂದು ನಿನಗೆ ಸರಿಯಾಗಿ ಹೇಳಿಲ್ಲ. ಬೆಳಿಗ್ಗೆ ಗಾಡಿಗಳು ಹೊರಡುವ ಮೊದಲು ಒಂದು ತುಕಡಿ ರಸ್ತೆಯುದ್ದಕ್ಕೂ ನಡೆದು, ರಾತ್ರಿ ಯಾರಾದರೂ ಮೈನ್, ಅಂದರೆ ನೆಲಬಾಂಬು, ಹೂತಿಟ್ಟು ಹೋಗಿದ್ದಾರೆಯೇ ಎಂದು ನೋಡಬೇಕು. ಅದರಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು ನಾನು. ಆ ದಾರಿಯ ಒಂದೊಂದು ಮೋರಿ, ಒಂದೊಂದು ಬಂಡೆ ನನಗೆ ಗೊತ್ತಿತ್ತು. ಮಂಜೂರಿ ಬಂದ ದಿನ ಸುಬೇದಾರ್ ಸಾಹೇಬರು ಕರೆದು, ‘ಬರ್ಫ್ ಪಿಘಲ್ನೆ ತಕ್ ರುಕ್ ಜಾ, ಬೇಟಾ’ ಅಂದರು. ಹಿಮ ಕರಗುವ ತನಕ ನಿಲ್ಲು, ಹೊಸಬನಿಗೆ ದಾರಿ ಕಲಿಸಿ ಹೋಗು, ನಾನು ಮೇಲೆ ಮಾತಾಡುತ್ತೇನೆ ಎಂದರ್ಥ. ಹೊಸಬ ಎಂದರೆ ಸಿದ್ರಾಮ. ನಿಮ್ಮ ಹೊರ್ತಿಗೆ ಹತ್ತಿರದ ಝಳಕಿಯವನು, ನನಗಿಂತ ಚಿಕ್ಕವನು, ನನ್ನನ್ನು ಅಣ್ಣಾ ಎಂದೇ ಕರೆಯುತ್ತಿದ್ದ. ನಾನು ನಿಲ್ಲಲಿಲ್ಲ. ಅವ್ವ ಒಬ್ಬಳೇ ಇದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ಕೆಳಗಿಳಿಯುವ ಮೊದಲ ಗಾಡಿಗೆ ಹತ್ತಿಬಿಟ್ಟೆ. ಸಿದ್ರಾಮ ನನ್ನ ಟ್ರಂಕು ಎತ್ತಿ ಕೊಟ್ಟು, ‘ಊರಿಗಿ ಹ್ವಾದ್ರ ನಮ್ಮವ್ವಗ ಆರಾಮ ಅದಾನಂತ ಹೇಳ್ರಿ’ ಅಂದ. ನಾನು ಝಳಕಿಗೆ ಹೋಗಲೇ ಇಲ್ಲ. ನೇರ ಇಲ್ಲಿಗೇ ಬಂದೆ.

ಆಮೇಲಿನದು ನಿನಗೆ ಗೊತ್ತು. ಮಹಾಪೆಯ ಕಂಪನಿ ಗೇಟು, ನೀಲಿ ಅಂಗಿ, ಎದೆಯ ಮೇಲೆ ಏಜೆನ್ಸಿಯ ಬಿಲ್ಲೆ. ಹಳೆಯ ಪಲ್ಟನ್ನಿನವರಲ್ಲಿ ನನ್ನೊಂದಿಗೆ ಮಾತು ಉಳಿಸಿಕೊಂಡವನು ಗೆಳೆಯ ಯಂಕಣ್ಣ ಒಬ್ಬನೇ. ಹಬ್ಬಕ್ಕೊಮ್ಮೆ ಫೋನು ಮಾಡಿ ಎಲ್ಲರೂ ಆರಾಮ ಎನ್ನುತ್ತಿದ್ದ. ಸಿದ್ರಾಮ ಹೇಗಿದ್ದಾನೆಂದು ಕೇಳಿದರೆ ‘ಅಂವಗೇನಾಗೇತಿ, ಗಟ್ಟಿ ಅದಾನ’ ಎಂದು ಬೇರೆ ಮಾತಿಗೆ ಹೊರಳುತ್ತಿದ್ದ. ಹೋದ ಬುಧವಾರ ಮಧ್ಯಾಹ್ನ ನಾನು ಗೇಟಿನಲ್ಲಿದ್ದಾಗ ಅವನ ಫೋನು ಬಂತು. ‘ವಿಠ್ಯಾ, ಪುಣೆ ದಾಟೀವಿ. ಇಡೀ ಪಲ್ಟನ್ ಐತಿ, ಸ್ಪೆಷಲ್ ಗಾಡಿ. ಕಲ್ಯಾಣದಾಗ ನಿಂದರಸ್ತಾರ. ಬಂದು ಮಾರಿ ತೋರ್ಸೋ.’ ಹಿಂದಿನಿಂದ ಹತ್ತಾರು ಗಂಟಲುಗಳು ಒಟ್ಟಿಗೆ ನನ್ನ ಹೆಸರು ಕೂಗಿದವು. ನನ್ನ ಜೊತೆಗಿನ ಗಾರ್ಡು, ಉಡುಪಿಯ ಜಯಶೀಲ, ನನ್ನ ಮುಖ ನೋಡಿಯೇ, ‘ನೀವು ಹೋಗಿ ಮಾರಾಯ್ರೆ, ಗೇಟು ನಾನು ನೋಡ್ತೇನೆ. ಯಾರಾದ್ರೂ ಕೇಳಿದ್ರೆ ಹೊಟ್ಟೆನೋವು ಅಂತೇನೆ’ ಅಂದ. ಬಟ್ಟೆ ಬದಲಿಸುವುದೂ ಹೊಳೆಯಲಿಲ್ಲ.

ದಾರಿಯಿಂದಲೇ ಅಕ್ಕುವಿನ ಮನೆಗೆ ಫೋನು ಮಾಡಿ ಅವ್ವನಿಗೆ ಹೇಳಿಸಿದ್ದೆ. ಮನೆಗೆ ಬಂದು ನೋಡಿದರೆ ಅವ್ವ ಒಲೆಯ ಮುಂದೆ. ನಮ್ಮ ಸಾಲಿನ ವಿಜಾಪುರದ ಹೆಂಗಸರೆಲ್ಲ ಸೇರಿ ಬುಟ್ಟಿ ತುಂಬ ರೊಟ್ಟಿ ಬಡಿದಿದ್ದಾರೆ. ರೊಟ್ಟಿ ಬಡಿಯಲು ಬಾರದ ಅಕ್ಕು ಶೇಂಗಾ ಚಟ್ನಿಯ ಪೊಟ್ಟಣ ಕಟ್ಟುತ್ತಿದ್ದಾಳೆ. ಬುಟ್ಟಿ ನಾನೊಯ್ಯುತ್ತೇನೆ ಎಂದರೆ ಅವ್ವ ಕೇಳಲಿಲ್ಲ. ‘ನಾ ಬರಾಕೇ. ನಿನ್ನ ಜೋಡಿ ಇದ್ದ ಹುಡುಗರು, ಒಬ್ಬರ ಮಾರೀನೂ ನಾ ನೋಡಿಲ್ಲ’ ಎಂದು ಹೊಸ ಸೀರೆ ಉಟ್ಟುಕೊಂಡೇ ಹೊರಟಳು. ಲೋಕಲ್‌ನಲ್ಲಿ ಬುಟ್ಟಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನೀನು ನೋಡಬೇಕಿತ್ತು. ಮಾಪಣ್ಣ ಹೋದ ಮೇಲೆ ಅವಳು ಅಷ್ಟು ಸಂತೋಷದಿಂದ ಇದ್ದುದನ್ನು ನಾನು ಕಂಡಿರಲಿಲ್ಲ, ನಮ್ಮ ಮದುವೆಯಲ್ಲಿ ಕೂಡ.

ಕಲ್ಯಾಣದ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಿತ್ತು. ಹಿಂದಿನ ಡಬ್ಬಿಗಳ ಮೇಲೆ ತಾಡಪತ್ರಿ ಹೊದಿಸಿದ ಟ್ರಕ್ಕುಗಳು, ಮುಂದೆ ಕಿಟಕಿ ಕಿಟಕಿಗೂ ಒಣಹಾಕಿದ ಬನಿಯನ್ನು. ಅದೇ ವಾಸನೆ, ಬೂಟಿನ ಪಾಲಿಶು ಮತ್ತು ಬೇಳೆ ಕುದಿಯುವ ವಾಸನೆ. ಯಂಕಣ್ಣ ಓಡಿ ಬಂದು ಎತ್ತಿಯೇಬಿಟ್ಟ. ಉಳಿದವರೂ ಮುತ್ತಿಕೊಂಡರು. ಒಬ್ಬ ನನ್ನ ನೀಲಿ ಅಂಗಿ ಜಗ್ಗಿ, ಇದ್ಯಾವ ರೆಜಿಮೆಂಟೋ ಎಂದು ನಕ್ಕ. ನಾನೂ ನಕ್ಕೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಎಂಟು ವರ್ಷ ಬಾಕಿಯಿಟ್ಟು ಬಂದವನಿಗೆ ಒಬ್ಬನೂ ಕೊಂಕು ಮಾತಾಡಲಿಲ್ಲ. ಅವ್ವ ಅಷ್ಟರಲ್ಲಿ ಬುಟ್ಟಿ ಬಿಚ್ಚಿ, ಮರಾಠಿಯವ, ಕನ್ನಡದವ ಎಂದು ನೋಡದೆ ಎಲ್ಲರ ಕೈಗೂ ರೊಟ್ಟಿ ಇಟ್ಟು, ‘ನಿಮ್ಮವ್ವಗ ಎಷ್ಟ ಮಂದೀಪಾ ಮಕ್ಕಳು?’ ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು.

ಸಿದ್ರಾಮ ಎಲ್ಲಿ ಎಂದು ನಾನು ಕೇಳಿದೆ. ಯಂಕಣ್ಣ ನೆಲ ನೋಡಿದ. ಆಗ ಡಬ್ಬಿಯ ಬಾಗಿಲಲ್ಲಿ ಅವನೇ ಕಾಣಿಸಿಕೊಂಡ. ಕಂಬಿ ಹಿಡಿದು ಒಂದು ಕಾಲು ಮೊದಲು ಇಳಿಸಿ, ಇನ್ನೊಂದನ್ನು ಎಳೆದು ತಂದು ಪಕ್ಕದಲ್ಲಿಟ್ಟ. ಮುಖ ತುಂಬಿಕೊಂಡಿದೆ, ಮೀಸೆ ಬಿಟ್ಟಿದ್ದಾನೆ. ‘ಅಣ್ಣಾ’ ಎಂದು ತಬ್ಬಿಕೊಂಡ. ಅವನು ಟ್ರಂಕಿನ ಮೇಲೆ ಕೂರುವಾಗ ಪ್ಯಾಂಟು ಮೇಲೆ ಸರಿದು, ಬೂಟಿನ ಒಳಗಿಂದ ಉಕ್ಕಿನ ಕೋಲು ಕಾಣಿಸಿತು. ಅವ್ವ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಾಲಿಗೆ ಏನಾಯಿತಪ್ಪಾ ಎಂದಳು. ಸಿದ್ರಾಮ ಅದನ್ನು ಬೆರಳಿನಿಂದ ಟಕಟಕ ಬಡಿದು, ‘ಸರಕಾರಿ ಕಾಲು ಅವ್ವಾ. ಇದಕ್ಕ ಥಂಡಿ ಹತ್ತಂಗಿಲ್ಲ’ ಅಂದ. ಅವ್ವ ನಕ್ಕಳು. ಯಾವಾಗ ಆಯಿತು ಎಂದು ಕೇಳಿದಳು. ‘ಅಣ್ಣ ಹ್ವಾದ ವರ್ಷಾನ. ಹಿಮ ಕರಗೂವಾಗ ನೆಲದಾಗಿನ ಮೈನ್ ಜಾಗಾ ಬಿಟ್ಟು ಸರದಿತ್ತು. ಅಣ್ಣನ ಜಾಗಾದಾಗ ನಾನ ಮುಂದ ನಡೀತಿದ್ನಿ’ ಅಂದ. ಹವಾಮಾನ ಹೇಳುವವನ ಹಾಗೆ ಹೇಳಿದ. ಅವನ ಮಾತಿನಲ್ಲಿ ಮುಳ್ಳಿರಲಿಲ್ಲ.

ಅವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನನ್ನ ಕಾಲನ್ನು ನೋಡಿದಳು, ಅವನ ಕಾಲನ್ನು ನೋಡಿದಳು. ಸಿದ್ರಾಮನಿಗೆ ಆಗ ತಿಳಿಯಿತು, ತಾನು ಏನಂದೆ ಎಂದು. ಗಡಬಡಿಸಿ, ‘ಅಣ್ಣ ಇದ್ದಿದ್ರೂ ಹಂಗ ಆಗತಿತ್ತು ಬಿಡ್ರಿ. ಅದೇನ ಯಾರಿಗೂ ಕಾಣಾಂಗಿರಲಿಲ್ಲ’ ಅಂದ. ಈಗ ಅವನಿಗೆ ಸ್ಟೋರಿನಲ್ಲಿ ಕೆಲಸವಂತೆ. ಗೊತ್ತು ಮಾಡಿದ್ದ ಹುಡುಗಿಯ ಮನೆಯವರು ಹಿಂದೆ ಸರಿದರಂತೆ. ‘ನಮ್ಮವ್ವ ಮಾತ್ರ ಭಾಳ ಮನಸಿಗಿ ಹಚ್ಕೊಂಡಾಳ. ಇದ್ದಾಂವ ನಾ ಒಬ್ಬ ಮಗ ನೋಡ್ರಿ. ಜಾತ್ರಿಗೂ ಮದವಿಗೂ ಹೊರಗ ಬೀಳವಲ್ಲಳು’ ಅಂದ. ಸುಬೇದಾರ್ ಸಾಹೇಬರು ನಿವೃತ್ತರಾಗಿ ಹೋಗಿದ್ದಾರೆ, ಅವರೆದುರು ನಿಲ್ಲುವುದೊಂದು ತಪ್ಪಿತು. ಅಷ್ಟರಲ್ಲಿ ಸೀಟಿ ಹೊಡೆದರು. ಅವ್ವ ರೊಟ್ಟಿಯನ್ನು ಮುರಿದು, ಚಟ್ನಿ ಹಚ್ಚಿ, ತನ್ನ ಕೈಯಿಂದಲೇ ಸಿದ್ರಾಮನ ಬಾಯಿಗೆ ಇಟ್ಟಳು. ಅವನು ಹತ್ತುವಾಗ ನಾನು ರಟ್ಟೆ ಹಿಡಿಯಲು ಹೋದೆ. ಬೇಡವೆಂದು ತಲೆಯಾಡಿಸಿ, ತಾನೇ ಹತ್ತಿದ. ಕಿಟಕಿ ಕಿಟಕಿಯಲ್ಲೂ ಕೈ ಬೀಸುತ್ತಿದ್ದರು. ಗಾಡಿ ಹೋದ ಮೇಲೆ ಖಾಲಿ ಬುಟ್ಟಿ ಹಿಡಿದು ನಾವಿಬ್ಬರೇ ನಿಂತಿದ್ದೆವು.

ವಾಪಸು ಬರುವಾಗ ಅವ್ವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟವಳು ಕಳವಾ ಬರುವ ತನಕ ತೆಗೆಯಲಿಲ್ಲ. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿ, ‘ದ್ಯಾವರ ನನ್ನ ಬಾಯಿಲೆ ನಿನ್ನ ಕರಿಸಿದ. ಇಲ್ಲಂದ್ರ ಆ ಕಾಲು ನಿಂದಿತ್ತು’ ಅಂದಳು. ತಾಯಿಯಾದವಳು ಹಾಗೆ ಅನ್ನದೆ ಇನ್ನೇನು ಅಂದಾಳು? ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ‘ಆ ತಾಯಿಗೂ ಅಂವ ಒಬ್ಬನ ಮಗ ಅವ್ವಾ! ಆಕಿ ದ್ಯಾವರು ಎಲ್ಲಿ ಹೋಗಿದ್ದ?’ ಎಂದು ಚೀರಿಬಿಟ್ಟೆ. ನೆರೆಹೊರೆಗೆಲ್ಲ ಕೇಳಿಸಿತು. ಅವ್ವ ದೀಪದ ಮುಂದಿನಿಂದ ಏಳಲೇ ಇಲ್ಲ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ.

ಗೇಟಿನಲ್ಲಿ ನಿಂತಾಗ ಇದೇ ಯೋಚನೆ. ನಾನು ಹಿಮ ಕರಗುವ ತನಕ ನಿಂತಿದ್ದರೆ? ಆ ಮೋರಿಯ ಹತ್ತಿರ ನೀರು ಹರಿಯುವಾಗ ಎಡಕ್ಕೆ ಸರಿದು ನಡೆಯಬೇಕೆಂದು ನನಗೆ ಗೊತ್ತಿತ್ತು. ಅವನಿಗೆ ಹೇಳಿದ್ದೆನೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಅಥವಾ ನಾನೇ ತುಳಿಯುತ್ತಿದ್ದೆನೋ ಏನೋ. ಹಾಗಾಗಿದ್ದರೆ ನೀನು ನನಗೆ ಸಿಗುತ್ತಿರಲಿಲ್ಲ, ನಿನ್ನ ಹೊಟ್ಟೆಯಲ್ಲಿರುವ ಕೂಸೂ ಇರುತ್ತಿರಲಿಲ್ಲ. ಹೀಗೆ ಅಂದುಕೊಂಡಾಗ ಒಂದು ಗಳಿಗೆ ಜೀವಕ್ಕೆ ಹಿತವೆನಿಸುತ್ತದೆ. ಆ ಹಿತಕ್ಕೇ ನಾಚಿಕೆಯಾಗುತ್ತದೆ. ಅವ್ವನನ್ನು ಒಬ್ಬಳನ್ನೇ ಬಿಟ್ಟಿದ್ದರೂ ತಪ್ಪಾಗುತ್ತಿತ್ತು, ಬಂದದ್ದೂ ಹೀಗಾಯಿತು. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಚೀರಿದ್ದಕ್ಕೆ ಕ್ಷಮೆ ಕೇಳಬೇಕೆಂದರೆ ಬಾಯಿ ಬರುತ್ತಿಲ್ಲ, ಅಷ್ಟೇ.

ಇದನ್ನೆಲ್ಲ ಓದಿ ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ, ನಿನ್ನ ಅಣ್ಣನ ಮಕ್ಕಳಿಗೆ ಮುದ್ದು. ನಿನಗೂ ಕೂಸಿಗೂ ಮನೆದೇವರ ಕಾವಲಿರಲಿ.

ನಿನ್ನ,
ವಿಠಲ

ತಾ. ಕ.: ಲಕೋಟೆ ಅಂಟಿಸುತ್ತಿದ್ದಾಗ ಅವ್ವ ಹೊರಗಿನಿಂದ ಬಂದಳು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಕ್ಕುವನ್ನು ಕರೆದುಕೊಂಡು ಹೋಗಿ ಒಂದು ಹಸಿರು ಸೀರೆ ತಂದಿದ್ದಾಳೆ. ನನ್ನ ಮುಂದೆ ಇಟ್ಟು, ‘ಝಳಕಿಗಿ ಹೋಗೂದೈತಿ, ಟಿಕೀಟ ತಗಸು’ ಅಂದಳು. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು. ಆ ತಾಯಿಗೆ ಏನು ಹೇಳುತ್ತೀ ಎಂದು ಕೇಳಿದೆ. ‘ನನಗೂ ತಿಳೀವಲ್ದು. ಹೋಗಿ ಆಕಿ ಮುಂದ ಕುಂದರತೀನಿ. ಬೈದರ ಬೈಸ್ಕೋತೀನಿ’ ಅಂದಳು. ಮತ್ತೆ, ‘ನೀ ಬರಬ್ಯಾಡ. ನಿನ್ನ ನೋಡಿದ್ರ ಆಕಿ ಹೊಟ್ಟಿ ಉರೀತೈತಿ’ ಅಂದಳು. ನಾನು ಎರಡು ಟಿಕೀಟು ತೆಗೆಸುತ್ತಿದ್ದೇನೆ. ಉರಿಯಲಿ, ಆಕೆ ನನ್ನ ಎರಡೂ ಕಾಲು ನೋಡಲಿ. ಶನಿವಾರ ಬೆಳಿಗ್ಗೆ ಸೊಲ್ಲಾಪುರಕ್ಕೆ ಇಳಿದು ಬಸ್ಸು ಹಿಡಿಯುತ್ತೇವೆ. ಮೊದಲು ಝಳಕಿ, ಆಮೇಲೆ ನಿನ್ನ ಹತ್ತಿರ. ಅಲ್ಲಿ ಎಷ್ಟು ಹೊತ್ತಾಗುತ್ತದೋ ಹೇಳಲಾರೆ, ನಮಗಾಗಿ ಕಾಯದೆ ಊಟ ಮಾಡಿರು.