ಗೋಡೆ ಮುಗಿಯುವಲ್ಲಿದ್ದ ಮನೆ

ಐಸ್ ಫ್ಯಾಕ್ಟರಿ, ಊಟದ ಬಿಡುವು
ಅಕ್ಟೋಬರ್ ೧೩, ಶುಕ್ರವಾರ

ಪ್ರೀತಿಯ ಇವರೇ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯ ಸೆಕೆಗೆ ಮೈತುಂಬ ಬೆವರುಸಾಲೆ ಎದ್ದಿದೆ ಎಂದು ಮಗಳಿಗೆ ಹೇಳಿದ್ದಿರಂತೆ, ಇಳಿಯಿತೇ? ಪುಡಿ ಹಚ್ಚಿ, ಉಗುರು ಹಾಕಿ ಕೆರೆಯಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಷ್ಟು ಕೋಪವಿದ್ದರೂ ಇಷ್ಟು ಕೇಳದೆ ಇರಲು ನನ್ನಿಂದಾಗುವುದಿಲ್ಲ. ಕೇಳಿಯಾಯಿತು. ಇನ್ನು ಕೋಪದ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡು ಮಾತಾಡುವಷ್ಟರಲ್ಲಿ ನಿಮಗೆ ಸಿಗ್ನಲ್ ಹೋಗುತ್ತದೆ. ನಿಮಗೆ ಬೇಡದ ಮಾತು ಬಂದಾಗಲೇ ಅದು ಹೇಗೆ ಹೋಗುತ್ತದೋ, ದೇವರಿಗೇ ಗೊತ್ತು. ರಜೆ ಮುಗಿಸಿ ನಿಮ್ಮ ಹಡಗಿಗೆ ಮರಳುತ್ತಿರುವ ಅಡುಗೆಯವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಕೂತು ಪೂರ್ತಿ ಓದಿ.

ನಿಮ್ಮ ತಂಗಿಯ ಮನೆ ಬಿದ್ದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದೆ. "ಎಲ್ರೂ ಹುಷಾರಾಗಿದ್ದಾರೆ ತಾನೆ?" ಅಂದಿರಿ. ಹೂಂ ಅಂದೆ. ಉಸಿರು ಬಿಡದೆ "ನಮ್ಮ ಗೋಡೆ ಹೇಗಿದೆ?" ಅಂದಿರಿ. ಆ ಮಾತು ಮೀನಿನ ಮುಳ್ಳಿನ ಹಾಗೆ ಇನ್ನೂ ನನ್ನ ಗಂಟಲಲ್ಲಿದೆ. ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ಹೋದ ರಜೆಯಲ್ಲಿ ನೀವು ಲಾರಿಗಟ್ಟಲೆ ಕಲ್ಲು ತರಿಸಿ ನಮ್ಮ ಮನೆಯ ಮುಂದೆ ಕಡಲಿಗೆ ಅಡ್ಡವಾಗಿ ಎದೆಯೆತ್ತರ ಪೇರಿಸಿದಿರಲ್ಲ, ಅವತ್ತು ನಿಮ್ಮ ತಂಗಿ ಗಿಣಿ ಬಂದು ನಿಂತಿದ್ದಳು. ಬಾಯಿ ಮುಚ್ಚಿದ್ದನ್ನೇ ಯಾರೂ ನೋಡಿರದ ಕಾರಣ ಚಿಕ್ಕಂದಿನಿಂದ ಇಡೀ ಕೇರಿ ಅವಳನ್ನು ಗಿಣಿ ಎಂದೇ ಕರೆಯುವುದು. ಆದರೆ ಅವತ್ತು ಅವಳು ಅಳೆದು ತೂಗಿ ಮಾತಾಡಿದಳು. "ಅಣ್ಣಾ, ಹೇಗೂ ಕಲ್ಲು ಬಂದಿದೆಯಲ್ಲ, ನಮ್ಮನೆ ಮುಂದಕ್ಕೂ ಒಂಚೂರು ಎಳೆದುಬಿಡೋ" ಅಂದಳು. ನೀವು ತಿರುಗಿಯೂ ನೋಡದೆ "ನಿನ್ನ ಗಂಡನಿಗೇನು ಕೈಯಿಲ್ವಾ?" ಅಂದಿರಿ. ದಿನವಿಡೀ ಬೇರೆಯವರ ದೋಣಿಯಲ್ಲಿ ದುಡಿದು ಬರುವ ಆ ಮನುಷ್ಯ ಅಲ್ಲೇ ಬಲೆಯ ಗಂಟು ಬಿಡಿಸುತ್ತಿದ್ದ. ತಲೆ ತಗ್ಗಿಸಿದವನು ಎತ್ತಲಿಲ್ಲ. ನೀವು ಗೋಡೆಯ ಮೇಲೆ ಹತ್ತಿ ನಿಂತು ಮಗಳ ಕೈಯಲ್ಲಿ ಫೋಟೊ ತೆಗೆಸಿಕೊಂಡು ಹಡಗಿಗೆ ಹೊರಟಿರಿ.

ಮಳೆಗಾಲ ಹಿಡಿದ ಮೇಲೆ ಆ ಗೋಡೆ ಮಾಡಿದ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ವರ್ಷದ ಕಡಲು ನಮ್ಮ ಮದುವೆಯ ಕಾಲದ ಕಡಲಲ್ಲ. ಆಗ ನೀರು ಅಂಗಳಕ್ಕೆ ಬಂದರೆ ವರ್ಷವಿಡೀ ಅದೇ ಸುದ್ದಿ. ಈಗ ಅಂಗಳಕ್ಕೆ ಬಾರದಿದ್ದರೆ ಸುದ್ದಿ. ಅಲೆ ಬಂದು ನಿಮ್ಮ ಕಲ್ಲಿಗೆ ಬಡಿಯುತ್ತದೆ, ಒಳಗೆ ನುಗ್ಗಲಾಗದೆ ಗೋಡೆಗುಂಟ ಜಾರುತ್ತದೆ, ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ತಿರುಗಿ ಒಳಗೆ ನುಗ್ಗುತ್ತದೆ. ಗೋಡೆ ಮುಗಿಯುವುದು ಗಿಣಿಯ ಅಡುಗೆಮನೆಯ ಮೂಲೆಯಲ್ಲಿ. ನಮಗೆ ಬರಬೇಕಾದ ನೀರು, ಅವಳಿಗೆ ಬರಬೇಕಾದ ನೀರು, ಎರಡೂ ಅವಳ ಪಾಲಿಗೆ. ಮೊದಲು ಬಟ್ಟೆ ಒಗೆಯುವ ಕಲ್ಲು ಹೋಯಿತು, ಆಮೇಲೆ ಬಚ್ಚಲು. ಕಡಲ್ಕೊರೆತ ನೋಡಲು ಬಂದ ಇಂಜಿನಿಯರ್ ಸಾಹೇಬರು ಬೂಟಿಗೆ ಮರಳು ತಾಗದಂತೆ ರಸ್ತೆಯಲ್ಲೇ ನಿಂತು, ಎತ್ತಿ ನಿಲ್ಲಿಸಿದ್ದ ನಮ್ಮ ಗೋಡೆಯನ್ನೇ ಮೆಚ್ಚಿಕೊಂಡು ಹೋದರು. ಅವರ ಮೇಲೂ ಸಿಟ್ಟಿದೆ. ಆದರೆ ಗಿಣಿ ಅವರ ತಂಗಿಯಲ್ಲವಲ್ಲ.

ಮನೆ ಬಿದ್ದದ್ದು ನಡುಮಧ್ಯಾಹ್ನ. ನಾನು ಇಲ್ಲಿ ಐಸ್ ಒಡೆಯುತ್ತಿದ್ದೆ. ಮಗಳು ಓಡಿ ಬಂದು "ಅಮ್ಮಾ, ಅತ್ತೆ ಮನೆ!" ಅಂದಳು. ಹೋಗಿ ನೋಡಿದರೆ ಅಡುಗೆಮನೆ ಇದ್ದ ಜಾಗದಲ್ಲಿ ನೊರೆ. ಗಿಣಿಯ ಗಂಡ ಸೊಂಟದವರೆಗಿನ ನೀರಿನಲ್ಲಿ ನಿಂತು ಬಾಗಿಲಿನ ಚೌಕಟ್ಟನ್ನಾದರೂ ಉಳಿಸಿಕೊಳ್ಳಲು ಒದ್ದಾಡುತ್ತಿದ್ದ. ಅವನ ಜೊತೆ ಹಗ್ಗ ಹಿಡಿದು ಎಳೆಯುತ್ತಿದ್ದವರು ಯಾರು ಗೊತ್ತೇ? ಪಕ್ಕದ ಚಿಪ್ಪಿನ ಕೇರಿಯವರು. ಅವರ ದಂಡೆ ಕೊರೆಯುವುದು ನಮ್ಮ ಕಲ್ಲಿನಿಂದ ಎಂದು ಅವರು, ನಮ್ಮದು ಕೊರೆಯುವುದು ಅವರ ಕಲ್ಲಿನಿಂದ ಎಂದು ನಾವು, ಇಷ್ಟು ವರ್ಷ ಮುಖ ಕೊಟ್ಟು ಮಾತಾಡದ ಅದೇ ಚಿಪ್ಪಿನ ಕೇರಿಯವರು. ನಮ್ಮ ಕೇರಿಯವರು ಅನೇಕರು ಆಗಿನ್ನೂ ಚಪ್ಪಲಿ ಹುಡುಕುತ್ತಿದ್ದರು. ಗಿಣಿ ನಿಮ್ಮ ಗೋಡೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು, "ಅತ್ತಿಗೆ, ನಿಮ್ಮನೆಗೇನೂ ಆಗಿಲ್ಲ ಅಲ್ವಾ?" ಚುಚ್ಚಿ ಕೇಳಿದ್ದಲ್ಲ ಕಣ್ರೀ. ನಿಜವಾಗಿ ಕೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಭಾನುವಾರ ಎರಡೂ ಕೇರಿಯವರು ಇದೇ ಫ್ಯಾಕ್ಟರಿಯ ಶೆಡ್ಡಿನಲ್ಲಿ ಸೇರಿದೆವು. ಮೊದಲು ಬರೀ ಬೈಗುಳ. ಹಳೆಯದೆಲ್ಲ ಆಚೆ ಬಂತು, ಯಾವ ಕಾಲದಲ್ಲೋ ಯಾರದೋ ಬಲೆ ಹರಿದದ್ದೂ ಬಂತು. ಎಲ್ಲರ ಗಂಟಲೂ ಒಣಗಿದ ಮೇಲೆ ದೋಣಿ ಬಡಗಿ ಅಜ್ಜ ಎದ್ದು, "ಬೈದು ಮುಗೀತಾ? ಮುಂದಿನ ಮಳೆಗೆ ಏನು ಮಾಡೋದು ಹೇಳಿ" ಅಂದರು. ಆಮೇಲೆ ಮಾತು ದಾರಿಗೆ ಬಂತು. ಕಡಲಿಗೆ ಮುಖ ಮಾಡಿದ ಮೊದಲ ಸಾಲಿನ ಮನೆಗಳೆಲ್ಲ ಹಿಂದಕ್ಕೆ ಹೋಗುವುದು. ಬಿಟ್ಟ ಜಾಗವನ್ನು ಮರಳಿಗೇ ಬಿಟ್ಟು, ಅದನ್ನು ಹಿಡಿದಿಡುವ ಬಳ್ಳಿ ಹಬ್ಬಿಸಿ, ಪೊದೆ ನೆಡುವುದು. ನಾವೂ ನಮ್ಮ ಕಲ್ಲು ಕೀಳುವುದು, ಅವರೂ ಅವರ ಕಲ್ಲು ಕೀಳುವುದು. ಹಿಂದಕ್ಕೆ ಹೋಗಲು ಜಾಗವೆಲ್ಲಿ ಎಂದಾಗ ಚಿಪ್ಪಿನ ಕೇರಿಯ ದೊಡ್ಡಕ್ಕ, "ನಾವು ಚಿಪ್ಪು ಒಣಗಿಸೋ ದಿಬ್ಬ ಇದೆಯಲ್ಲ, ಅರ್ಧ ಬಿಟ್ಕೊಡ್ತೀವಿ. ಆದ್ರೆ ನಿಮ್ಮ ದೋಣಿ ನಿಲ್ಲಿಸೋ ಕಡೆ ನಮಗೂ ಜಾಗ ಬೇಕು" ಅಂದಳು. ನಮ್ಮವರು ಯಾರಾದರೂ ಅಷ್ಟು ದೊಡ್ಡ ಮಾತು ಆಡುತ್ತಿದ್ದರೇ? ನನಗೆ ಅನುಮಾನ.

ಒಂದೇ ಷರತ್ತು, ಮೊದಲ ಸಾಲಿನವರೆಲ್ಲ ಒಪ್ಪಬೇಕು. ಒಬ್ಬರ ಗೋಡೆ ಉಳಿದರೂ ಪಕ್ಕದವರ ಗತಿ ಗಿಣಿಯ ಗತಿಯೇ. ಒಬ್ಬೊಬ್ಬರಾಗಿ ಆಗಲಿ ಅಂದರು. ಕ್ಷೌರದಂಗಡಿಯವನು ಮಾತ್ರ ಎರಡು ಸಲ ಎದ್ದುಹೋಗಿ ಎರಡು ಸಲ ಮರಳಿ ಬಂದು ಕೂತ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಮನೆ ಯಜಮಾನರನ್ನು ಒಂದು ಮಾತು ಕೇಳುತ್ತೇನೆ ಎಂದು ನಿಮಗೆ ಮರ್ಯಾದೆ ಕೊಟ್ಟು ಅಲ್ಲಿಂದಲೇ ಫೋನ್ ಮಾಡಿದೆ. ಗಲಾಟೆಯಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದ್ದೆ. ಮೊದಲೇ ಹೇಳಿದೆ, ಎಲ್ಲರೂ ಇದ್ದಾರೆ ಎಂದು. ನೀವು ಕಿವಿಗೆ ಹಾಕಿಕೊಂಡಿರೋ ಇಲ್ಲವೋ. "ನಮ್ಮ ಕಲ್ಲಿಗೆ ಯಾರಾದ್ರೂ ಕೈ ಹಚ್ಚಲಿ, ಆಮೇಲೆ ನೋಡ್ಕೋತೀನಿ! ಗಿಣಿ ಮನೆ ಬಿದ್ರೆ ನಾನೇನು ಮಾಡ್ಲಿ? ನಾನೇನು ಕಡಲಾ?" ಅಂದಿರಿ. ಲೈನ್ ಹೋಯಿತು. ಗಿಣಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ನನಗೆ ಮುಜುಗರವಾಗಬಾರದೆಂದು ಹೊರಗೆದ್ದು ಹೋದಳು. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮಿಂದ ನಾನು ಅಷ್ಟು ನಾಚಿಕೆಪಟ್ಟದ್ದು ಅದೊಂದೇ ದಿನ. ಅವತ್ತಿನಿಂದ ನಿಮ್ಮ ಫೋನ್ ಎತ್ತಿಲ್ಲ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಎಂದು ಮಗಳ ಕೈಯಲ್ಲಿ ಹೇಳಿಸುತ್ತಿದ್ದವಳು ನಾನೇ, ಇಲ್ಲಿಯ ಸುದ್ದಿ ಬಾಯಿಬಿಡಬೇಡ ಎಂದವಳೂ ನಾನೇ.

ಮರುದಿನ ಬೆಳಿಗ್ಗೆ ರಜೆ ಹಾಕಿ, ಬಡಗಿ ಅಜ್ಜನ ಹತ್ತಿರ ಹಾರೆಕೋಲು ಇಸಿದುಕೊಂಡು ಬಂದು ನಾನೇ ಮೊದಲ ಕಲ್ಲಿಗೆ ಹಾಕಿದೆ. ಅದೇನು ನನ್ನ ಮಾತಿಗೆ ಅಲ್ಲಾಡುತ್ತದೆಯೇ? ನಿಮ್ಮ ಹಾಗೆಯೇ ಅದೂ. ಅಂಗೈಗೆ ಬೊಬ್ಬೆ ಬಂದಿತೇ ಹೊರತು ಕಲ್ಲು ಮಿಸುಕಲಿಲ್ಲ. ಸಿಟ್ಟಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆಗ ದೊಡ್ಡಕ್ಕ ತನ್ನ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಬಂದು, "ಒಬ್ಳೇ ಯಾಕೆ ಸಾಯ್ತೀಯಾ ತಂಗಿ, ಸರಿ ಆ ಕಡೆ" ಅಂದಳು. ಹೊತ್ತು ಏರುವಷ್ಟರಲ್ಲಿ ಎರಡೂ ಕೇರಿಯವರು ಸಾಲುಗಟ್ಟಿ ನಿಂತಿದ್ದರು. ಕೈಯಿಂದ ಕೈಗೆ ಆಗುವಂಥದ್ದು ಕೈಯಲ್ಲಿ, ಆಗದ್ದು ಗಾಡಿಯಲ್ಲಿ, ಕಲ್ಲು ದಿಬ್ಬಕ್ಕೆ ಹೋಯಿತು. ಗಿಣಿಯ ಗಂಡ ನಮ್ಮ ಕಲ್ಲನ್ನು ಮುಟ್ಟಲು ಹಿಂಜರಿದು ದೂರ ನಿಂತಿದ್ದ. "ಬನ್ನಿ ಅಣ್ಣಾ, ನಿಮ್ಮ ಮನೆ ಪಾಯಕ್ಕೇ ಇದು" ಎಂದು ನಾನೇ ಕರೆದೆ. ಹೌದು, ನಿಮ್ಮ ಕಲ್ಲು ಎಲ್ಲಕ್ಕಿಂತ ಮೊದಲು ಬಿದ್ದದ್ದು ಗಿಣಿಯ ಹೊಸ ಮನೆಯ ಪಾಯಕ್ಕೆ. ಪಾಯ ನೆಲದಿಂದ ಎದ್ದ ದಿನ ಅವಳ ಬಾಯಿ ಬಿಟ್ಟಿತು ನೋಡಿ, ಇವತ್ತಿಗೂ ಮುಚ್ಚಿಲ್ಲ. ದೊಡ್ಡಕ್ಕನಿಗೂ ಅವಳಿಗೂ ನಲ್ಲಿಯ ಸರದಿಗೆ ಆಗಲೇ ಒಂದು ಸುತ್ತು ಜಗಳವೂ ಆಗಿದೆ. ನನಗೆ ಕೇಳಲು ಹಿತವಾಗಿತ್ತು.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ನೆಟ್ಟ ಪೊದೆಗಳಲ್ಲಿ ಅರ್ಧ ಒಣಗಿವೆ, ಮತ್ತೆ ನೆಡುತ್ತಿದ್ದೇವೆ. ದಿಬ್ಬದಲ್ಲಿ ಚಿಪ್ಪಿನ ವಾಸನೆ. ಮೀನಿನ ಕೆಲಸಕ್ಕೆ ಈಗ ದೂರ ನಡೆಯಬೇಕು. ಮುಂದಿನ ಮಳೆಗೆ ಕಡಲು ಎಲ್ಲಿಯವರೆಗೆ ಬರುತ್ತದೋ ಬಡಗಿ ಅಜ್ಜನಿಗೂ ಗೊತ್ತಿಲ್ಲ. ಆದರೆ ಬಂದರೆ ಎಲ್ಲರಿಗೂ ಬರುತ್ತದೆ. ಒಬ್ಬರು ಇನ್ನೊಬ್ಬರ ಮೇಲೆ ಅದನ್ನು ತಿರುಗಿಸಿ ಬಿಡುವುದು ನಿಂತಿತು.

ನಿಮಗೆ ಸಿಟ್ಟು ಬಂದಿರುತ್ತದೆ. ಬರಲಿ. ನನ್ನ ಸಿಟ್ಟಿಗೆ ಜೊತೆಯಾಗುತ್ತದೆ. ನೀವು ಕೆಟ್ಟವರಲ್ಲ ಎಂದು ನಾನು ಮಗಳಿಗೆ ಹೇಳುತ್ತಲೇ ಇದ್ದೇನೆ. ಆ ಮಾತನ್ನು ನನ್ನೊಬ್ಬಳ ತಲೆಯ ಮೇಲೆ ಹೊರಿಸಿ ಹಡಗಿನಲ್ಲಿ ಕೂರಬೇಡಿ. ಅವಳು ಕೂದಲು ಕತ್ತರಿಸಿಕೊಂಡಿದ್ದಾಳೆ, ಬಂದಾಗ ಬೈಯಬೇಡಿ. ಬಡಗಿ ಅಜ್ಜ ನಿಮ್ಮನ್ನು ಕೇಳಿದ್ದೇನೆಂದು ಹೇಳಲು ಹೇಳಿದರು. ರಾತ್ರಿ ಪಾಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಜೋಪಾನ.

ಇಂತಿ,
ಈಗಲೂ ನಿಮ್ಮವಳೇ ಆದ,
ನಿಮ್ಮ ಮಗಳ ತಾಯಿ

ಮರೆತ ಮಾತು: ಅಡುಗೆಯವರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ನಮ್ಮ ಮನೆ ಏನಾಯಿತು ಎಂದು ಕೇಳುತ್ತಿರುತ್ತೀರಿ. ಬಿಚ್ಚಿದೆವು. ಹೆಂಚು, ತೊಲೆ, ಕಿಟಕಿ ಎಲ್ಲ ದಿಬ್ಬಕ್ಕೆ ಬಂದು ಹೊಸ ಮನೆ ಎದ್ದಿದೆ, ಹೋದ ವಾರ ನಾನೂ ಮಗಳೂ ಸೇರಿಕೊಂಡೆವು. ಗಿಣಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನೀವು ಬರುವ ದಿನ ನಾನು ಬೇಕೆಂದೇ ಕೆಲಸಕ್ಕೆ ಹೋಗಿರುತ್ತೇನೆ, ಮಗಳನ್ನೂ ಕರೆದುಕೊಂಡು ಹೋಗಿರುತ್ತೇನೆ. ಬೀಗದ ಕೈ ಗಿಣಿಯ ಹತ್ತಿರ ಇದೆ. ಅವಳ ಬಾಗಿಲು ತಟ್ಟಿ, ಅವಳನ್ನು ಕೇಳಿ ತೆಗೆದುಕೊಳ್ಳಿ. ಕೇಳದೆ ಕೊಡಬೇಡ ಎಂದು ಹೇಳಿದ್ದೇನೆ.