ಹನ್ನೆರಡು ಮಾತ್ರೆಯ ಚೀಟಿ

ಔಷಧಿ ಅಂಗಡಿಯ ಹಿಂದಿನ ಕೋಣೆ,
ಸೋಮವಾರ, ಹದಿನಾಲ್ಕನೇ ತಾರೀಕು, ಬೆಳಗಿನ ಹತ್ತು ಗಂಟೆ

ಮೂಗಿನ ತುದಿಯಲ್ಲಿ ಸಿಟ್ಟು ಹೊತ್ತುಕೊಂಡು ಹೋದ ಮೊಮ್ಮಗಳಿಗೆ, ಆ ಮೂಗನ್ನು ಕೊಟ್ಟ ಅಜ್ಜಿ ಬರೆಯುವುದು.

ಹೇಗಿದ್ದೀಯೇ ಪುಟ್ಟಿ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಗೆಳತಿಯ ಕೋಣೆಯಲ್ಲಿ ಒಣ ಬ್ರೆಡ್ ಕಡಿದುಕೊಂಡು ಬಿದ್ದಿದ್ದೀಯಾ? ಬಲಗಣ್ಣಿನ ಉರಿ ಕಡಿಮೆಯಾಯಿತಾ? ಕಣ್ಣಿಗೆ ಹಾಕುವ ಹನಿಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಅಪ್ಪ ಕೊಟ್ಟದ್ದು ಅಂತ ತಾನೇ? ಅವನ ಮೇಲಿನ ಸಿಟ್ಟನ್ನು ನಿನ್ನ ಕಣ್ಣಿನ ಮೇಲೆ ತೀರಿಸಿಕೊಂಡರೆ ಅವನಿಗೇನು ಹೋಗಬೇಕು? ನನ್ನ ಮಂಡಿ ಹೋದ ತಿಂಗಳು ಹೇಗಿತ್ತೋ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಡ. ಕಾಗದ ಬಂದ ಮೇಲೆ ಒಡೆಯದೆ ಇರುವ ಜಾತಿ ನಿನ್ನದಲ್ಲ ಅಂತ ನನಗೆ ಗೊತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಅಕ್ಷರ, ಸೊಟ್ಟಗಿದ್ದರೆ ಸುಮ್ಮನೆ ಓದಿಕೋ.

ನೀನು ಕೇಳದೆ ಇದ್ದರೂ ತಿಳಿದುಕೊಳ್ಳಬೇಕು ಅಂತಿರುವ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಎದುರು ಬೀದಿಯ ಟೈಲರ್ ಬದುಕಿದ್ದಾನೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾನೆ. ಕಾಲು ಇನ್ನೂ ನಡುಗುತ್ತದಂತೆ, ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗುವುದಿಲ್ಲವಂತೆ. ರಕ್ತದೊತ್ತಡಕ್ಕೆ ದಿನಕ್ಕೆ ಅರ್ಧ ಮಾತ್ರೆ ನುಂಗಬೇಕಾದವನು ಪೊಟ್ಟಣಕ್ಕೆ ಅಂಟಿಸಿದ ನಮ್ಮ ಅಂಗಡಿಯ ಚೀಟಿ ಓದಿಕೊಂಡು ಒಂದೇ ಸಲಕ್ಕೆ ಹನ್ನೆರಡು ನುಂಗಿದ. ಒಂದು ಪಟ್ಟಿಯಲ್ಲಿ ಹತ್ತೇ ಇದ್ದದ್ದರಿಂದ ಇನ್ನೊಂದನ್ನು ಒಡೆದು ಎರಡು ತೆಗೆದನಂತೆ. ‘ಹನ್ನೆರಡು ಮಾತ್ರೆ ಯಾರಾದ್ರೂ ನುಂಗ್ತಾರಾ, ಎಂಥಾ ಪೆದ್ದ!’ ಅಂತ ಬೀದಿಯವರು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಮನುಷ್ಯ ನಲವತ್ತು ವರ್ಷದಿಂದ ಚೀಟಿಯಲ್ಲಿ ಮೂವತ್ತೆಂಟು ಅಂತಿದ್ದರೆ ಮೂವತ್ತೆಂಟಕ್ಕೇ ಕತ್ತರಿ ಹಾಕಿದವನು. ಗಿರಾಕಿಯ ಹೊಟ್ಟೆ ನೋಡಿ ಅಳತೆ ಬದಲಾಯಿಸಿದವನಲ್ಲ. ಚೀಟಿಯನ್ನು ನಂಬುವುದೇ ಅವನ ಕಸುಬು. ನಮ್ಮ ಚೀಟಿಯನ್ನೂ ನಂಬಿದ, ಅಷ್ಟೇ.

ಅವತ್ತು ನಿನ್ನಪ್ಪ ಆಡಿದ ಮಾತಿಗೆ ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಕೌಂಟರಿನ ಮುಂದೆ ಏಳೆಂಟು ಜನ ನಿಂತಿರುವಾಗ, ಟೈಲರನ ಹೆಂಡತಿ ಖಾಲಿ ಪಟ್ಟಿಯನ್ನು ಗಾಜಿನ ಮೇಲೆ ಬಿಸಾಡಿದಾಗ, ‘ಅದು ನಮ್ಮ ಅಂಗಡಿ ತಪ್ಪಲ್ಲಮ್ಮಾ, ನನ್ನ ಮಗಳು ಮಾಡಿಟ್ಟ ಕಂಪ್ಯೂಟರ್ ತಪ್ಪು’ ಅಂದುಬಿಟ್ಟ. ಅಂಗಡಿಯ ಬೋರ್ಡಿನ ಮೇಲೆ ಅವನ ಹೆಸರು, ತಪ್ಪಿಗೆ ಮಾತ್ರ ಮಗಳ ಹೆಸರು! ನಿನ್ನ ಅಜ್ಜ ಇದ್ದಿದ್ದರೆ ಆ ಮಾತು ಮುಗಿಯುವುದಕ್ಕೆ ಬಿಡುತ್ತಿರಲಿಲ್ಲ. ಅಜ್ಜನ ಕಾಲದಲ್ಲಿ ಒಂದು ಪದ್ಧತಿಯಿತ್ತು. ಚೀಟಿ ಅಂಟಿಸಿದ ಮೇಲೆ ಅದನ್ನು ಗಿರಾಕಿಯ ಎದುರಿಗೆ ಗಟ್ಟಿಯಾಗಿ ಓದಬೇಕು, ಗಿರಾಕಿ ತಿರುಗಿ ಹೇಳಬೇಕು, ಆಮೇಲೇ ಪೊಟ್ಟಣ ಕೈಗೆ. ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವರನ್ನೂ ಅವರು ಬಿಟ್ಟವರಲ್ಲ. ನೀನು ಬರೆದ ಪ್ರೋಗ್ರಾಮಿನಿಂದ ಚೀಟಿ ಯಂತ್ರದಲ್ಲಿ ಬರಲು ಶುರುವಾದ ಮೇಲೆ ನಿನ್ನಪ್ಪ ಓದುವುದನ್ನೇ ಬಿಟ್ಟ. ‘ಪ್ರಿಂಟಾಗಿ ಬಂದಿದ್ದನ್ನ ಏನಮ್ಮಾ ಓದೋದು?’ ಅಂತ ನನ್ನನ್ನೇ ಕೇಳಿದ್ದ. ಅವತ್ತು ಒಂದು ಸಲ ಬಾಯಿಬಿಟ್ಟು ‘ಹನ್ನೆರಡು’ ಅಂತ ಓದಿದ್ದರೆ ಅವನ ಕಿವಿಯೇ ಅವನಿಗೆ ಹೇಳುತ್ತಿತ್ತು.

ನೀನು ಮಾತ್ರ ಏನು ಕಮ್ಮಿ? ‘ಆ ಸಾಲು ಟೈಪ್ ಮಾಡಿದ್ದು ಯಾರು?’ ಅಂತ ಮೂರು ಸಲ ಕೇಳಿದೆ. ನಿನ್ನಪ್ಪ ನಿನ್ನಮ್ಮನ ಮುಖ ನೋಡಿದ, ನಿನ್ನಮ್ಮ ಗೋಡೆ ನೋಡಿದಳು. ನೀನು ಚೀಲ ಎತ್ತಿಕೊಂಡು ಹೊರಟೇಬಿಟ್ಟೆ. ‘ಇನ್ನು ಈ ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಲ್ಲ’ ಅಂತ ಮೆಟ್ಟಿಲ ಮೇಲೆ ನಿಂತು ಬೇರೆ ಹೇಳಿದೆ. ನಾನು ಹಿಂದೆಯೇ ಬರಬೇಕಿತ್ತು. ಬರಲಿಲ್ಲ. ಮಂಡಿಯ ಮೇಲೆ ತಪ್ಪು ಹಾಕಬಹುದು, ಆದರೆ ತಡೆದದ್ದು ಮಂಡಿಯಲ್ಲ.

ನೀನು ಹೋದ ಮೇಲೆ ಮೇಜಿನ ಡ್ರಾಯರಿನಲ್ಲಿ ನಿನ್ನ ನೀಲಿ ನೋಟ್‌ಬುಕ್ ಸಿಕ್ಕಿತು. ಆರು ದಿನ ಕೂತು ಓದಿದೆ. ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ, ಹತ್ತಿದ ಅರ್ಧಕ್ಕೇ ತಲೆ ಚಿಟ್ಟು ಹಿಡಿಯಿತು. ಕಂಪ್ಯೂಟರಿನೊಳಗಿನ ಶೆಲ್ ಅನ್ನುವುದು ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಅಂತ ಬರೆದಿದ್ದೀಯ. ನಾವು ಕೊಟ್ಟ ಸಾಲನ್ನು ಮೊದಲು ತಾನು ಓದುತ್ತದಂತೆ, ಆಮೇಲೆ ಒಳಗೆ ಬಿಡುತ್ತದಂತೆ. ನಡುವೆ ಖಾಲಿ ಜಾಗ ಕಂಡರೆ ಒಂದನ್ನು ಎರಡು ಮಾಡುತ್ತದೆ, ನಕ್ಷತ್ರದ ಗುರುತು ಕಂಡರೆ ಇರುವ ಫೈಲುಗಳನ್ನೆಲ್ಲ ಕರೆಯುತ್ತದೆ. ಹಾಗೆ ಮಾಡಬೇಡ, ಮುಂದಿನ ಒಂದು ಅಕ್ಷರವನ್ನು ಇದ್ದ ಹಾಗೇ ಬಿಡು ಅಂತ ಹೇಳುವುದಕ್ಕೆ ಹಿಂದಕ್ಕೆ ವಾಲಿದ ಒಂದು ಗೆರೆ, ಬ್ಯಾಕ್‌ಸ್ಲ್ಯಾಶ್. ಅಲ್ಲಿಯವರೆಗೆ ಸರಿ. ಆದರೆ ಹೇಳಿದ್ದನ್ನು ಕೇಳಿಕೊಂಡ ಮೇಲೆ ಆ ಗೆರೆಯನ್ನೇ ಕಿತ್ತು ಬಿಸಾಡುತ್ತದಂತೆ! ಮುಂದಿನ ಅಕ್ಷರ ಬರೀ ಒಂದು ಅಂಕೆಯಾಗಿದ್ದು, ಕಾಯುವುದಕ್ಕೆ ಏನೂ ಇಲ್ಲದಿದ್ದರೂ ಗೆರೆ ಮಾತ್ರ ಮಾಯ. ಒಂದು ಸದ್ದಿಲ್ಲ, ಒಂದು ಎಚ್ಚರಿಕೆಯಿಲ್ಲ. ಇಲಿ ತಿಂದರೂ ಹಿಕ್ಕೆಯಾದರೂ ಬಿಟ್ಟು ಹೋಗುತ್ತದೆ ಕಣೇ.

ನಂಬಿಕೆ ಬರದೆ ನಾನೇ ಮಾಡಿ ನೋಡಿದೆ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಕನ್ನಡಕ ಒರೆಸಿಕೊಂಡು ಕೂತು, ಎರಡು ಬೆರಳಲ್ಲಿ ಹುಡುಕಿ ಹುಡುಕಿ, ಟೈಲರನ ಸಾಲನ್ನು ಕಂಪ್ಯೂಟರಿನ ಪಟ್ಟಿಯಲ್ಲಿ ಇದ್ದ ಹಾಗೇ ಒತ್ತಿದೆ. 1\2. ಚೀಟಿಯಲ್ಲಿ 12 ಅಂತ ಬಂತು. ಅರ್ಧದ ನಡುವೆ ಮುಂದಕ್ಕೆ ವಾಲಿದ ಗೆರೆಯ ಬದಲು ಹಿಂದಕ್ಕೆ ವಾಲಿದ್ದು ಬಿದ್ದಿತ್ತು, ಅದು ಶೆಲ್ಲಿನ ಹೊಟ್ಟೆಗೆ ಹೋಗಿತ್ತು. ಒಂದು ಗೆರೆಯನ್ನು ಉಳಿಸಿಕೊಳ್ಳಬೇಕಾದರೆ ಎರಡು ಹಾಕಬೇಕು ಅಂತ ನೋಟ್‌ಬುಕ್ಕಿನಲ್ಲಿತ್ತು, ಎರಡು ಹಾಕಿದೆ. ಮತ್ತೆ 12. ಮೂರು ಹಾಕಿದೆ, 12. ನನಗೂ ಹಟ ಬಂತು, ನಾಲ್ಕು ಹಾಕಿದೆ. ಆಗ ಬಂತು ನೋಡು ಒಂದು ಗೆರೆ! ಯಾಕೆ ಅಂತ ಮುಂದಿನ ಪುಟದಲ್ಲಿತ್ತು. ನೀನು ಕಂಪ್ಯೂಟರಿಗೆ ಬರೆದುಕೊಟ್ಟ ಸ್ಕ್ರಿಪ್ಟು ಸಾಲನ್ನು ಒಂದು ಶೆಲ್‌ಗೆ ಕೊಡುತ್ತದೆ, ಅದು ಇನ್ನೊಂದಕ್ಕೆ ಕೊಡುತ್ತದೆ, ಆಮೇಲೆ ಪ್ರಿಂಟರಿಗೆ. ಬಾಗಿಲಿಗೊಬ್ಬ ಕಾವಲುಗಾರ, ಒಬ್ಬೊಬ್ಬನೂ ಎರಡಕ್ಕೊಂದನ್ನು ಮುರಿದುಕೊಂಡೇ ಒಳಗೆ ಬಿಡುವುದು. ನಾಲ್ಕು ಹೊರಟರೆ ಎರಡಾಗಿ, ಎರಡು ಒಂದಾಗಿ ತಲುಪಬೇಕು. ಮನುಷ್ಯರು ದಿನಾ ಮಾತ್ರೆ ನುಂಗುವ ಚೀಟಿಗೆ ಇಂಥ ದಾರಿಯಾ?

ಅದೂ ಹೋಗಲಿ. ಅದೇ ಪುಟದ ಕೆಳಗೆ ನಿನ್ನ ಕೈಯಲ್ಲೇ ಬರೆದ ಇನ್ನೊಂದು ಸಾಲು ನೋಡಿದಾಗ ನೋಟ್‌ಬುಕ್ಕನ್ನು ಎಸೆಯಬೇಕು ಅನ್ನಿಸಿತು. ‘ಒಂಟಿ ಕೊಟೇಶನ್ ಗುರುತಿನೊಳಗೆ ಇಟ್ಟರೆ ಶೆಲ್ ಏನನ್ನೂ ಮುಟ್ಟುವುದಿಲ್ಲ. ಚೀಟಿಯ ಸಾಲಿಗೆ ಎರಡೂ ಕಡೆ ಹಾಕಬೇಕು. ನಾಳೆ.’ ನಾಳೆ ಅನ್ನುವುದರ ಕೆಳಗೆ ಎರಡು ಗೆರೆ ಬೇರೆ. ಯಾವ ನಾಳೆಯೇ ಅದು? ಆ ಪುಟದ ತಾರೀಕಿಗೂ ಟೈಲರ್ ಬಿದ್ದ ದಿನಕ್ಕೂ ನಡುವೆ ಐದು ವಾರ ಇದೆ. ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಅಂಗಡಿಯ ಜನ ತಪ್ಪು ಗುಂಡಿ ಒತ್ತುವುದಿಲ್ಲ ಅಂದುಕೊಂಡೆಯಾ? ಮೆಟ್ಟಿಲ ಮೇಲೆ ನಿಂತು ಗುಡುಗುವ ಮೊದಲು ಈ ಪುಟವನ್ನು ಒಂದು ಸಲ ತಿರುವಿ ನೋಡಬೇಕಿತ್ತು. ಇದನ್ನು ನಿನ್ನಪ್ಪನಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ನೀನೇ ತೋರಿಸಬೇಕು.

ಈಗ ಚೀಟಿಗಳನ್ನು ನಾನೇ ಕೈಯಲ್ಲಿ ಬರೆಯುತ್ತಿದ್ದೇನೆ. ಅರ್ಧ ಅಂತ ಅಕ್ಷರದಲ್ಲಿ. ಗಟ್ಟಿಯಾಗಿ ಓದುತ್ತೇನೆ, ತಿರುಗಿ ಹೇಳಿಸುತ್ತೇನೆ. ನಿನ್ನಪ್ಪ ಮುಖ ಗಂಟು ಹಾಕಿಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ, ನಿಂತಿರಲಿ. ಆದರೆ ಬೆರಳು ಸೆಟೆದುಕೊಳ್ಳುತ್ತದೆ ಪುಟ್ಟಿ, ದಿನಕ್ಕೆ ನೂರರ ಮೇಲಾಗುತ್ತದೆ. ನೀನು ಮಾಡಿದ್ದು ಕೆಟ್ಟ ಕೆಲಸವಲ್ಲ, ಅರ್ಧ ಮಾಡಿ ಬಿಟ್ಟ ಕೆಲಸ. ಬಂದು ಮುಗಿಸು.

ಅಲ್ಲೇ ಕಣ್ಣಿನ ಹನಿ ಕೊಂಡು ಹಾಕಿಕೋ. ನಿನ್ನಮ್ಮ ದಿನಾ ನಿನ್ನ ಹಾಸಿಗೆ ಕೊಡವಿ ಹಾಸುತ್ತಾಳೆ, ಕೇಳಿದರೆ ಧೂಳು ಅನ್ನುತ್ತಾಳೆ. ನೂರು ಕಾಲ ಬಾಳು, ಆದರೆ ಇಷ್ಟು ದೂರದಲ್ಲಿ ಬೇಡ.

ಬೈದರೂ ನಿನ್ನವಳೇ ಆದ,
ಅಜ್ಜಿ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಬೇಗ ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಆ ಸಾಲನ್ನು ಒತ್ತಿದ್ದು ನಾನು. ಯಾವಾಗಲೂ ಒತ್ತುವ ನಿನ್ನಮ್ಮ ಊಟಕ್ಕೆ ಕೂತಿದ್ದಳು, ನಿನ್ನಪ್ಪ ಒಳಗೆ ಪೆಟ್ಟಿಗೆ ಇಳಿಸುತ್ತಿದ್ದ. ಇಷ್ಟು ದಿನ ನೋಡಿಲ್ಲವಾ, ನನಗೂ ಬರುತ್ತದೆ ಅನ್ನುವ ಕೊಬ್ಬು. ಕೀಬೋರ್ಡಿನ ಎರಡು ಓರೆ ಗೆರೆಗಳಲ್ಲಿ ದೊಡ್ಡ ಎಂಟರ್ ಗುಂಡಿಯ ಪಕ್ಕದಲ್ಲಿದ್ದದ್ದು ಕೈಗೆ ಸಿಕ್ಕಿತು, ಅದು ಯಾವ ಕಡೆಗೆ ವಾಲಿದೆ ಅಂತ ನೋಡಲಿಲ್ಲ. ನಿನ್ನಮ್ಮನಿಗೆ ಗೊತ್ತಿತ್ತು. ಹದಿನೇಳು ದಿನ ನಿನ್ನಪ್ಪನ ಸಿಡುಕನ್ನು ತಾನೇ ತಿಂದಳು, ಅತ್ತೆಯ ಹೆಸರು ಹೇಳಲಿಲ್ಲ. ನಿನ್ನೆ ಸಂಜೆ ನಿನ್ನಪ್ಪನಿಗೆ ಹೇಳಿದೆ. ಇವತ್ತು ಬೆಳಗ್ಗೆ ಟೈಲರನ ಮನೆಗೆ ಹೋದೆ. ಅವನ ಹೆಂಡತಿ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ, ತಪ್ಪು ಒತ್ತಿದ್ದು ನಾನು, ಓದದೆ ಕೊಟ್ಟದ್ದು ನನ್ನ ಮಗ ಅಂತ. ಅವಳು ಬೈಯುವಷ್ಟು ಬೈದಳು, ನಾನು ನಿಂತು ಕೇಳಿಸಿಕೊಂಡೆ. ಒಳಗಿನಿಂದ ಟೈಲರ್ ಒಂದೇ ಮಾತು ಕೇಳಿದ. ‘ಹಾಗಾದ್ರೆ ಆ ಹುಡುಗೀನ ಯಾಕಜ್ಜಿ ಮನೆ ಬಿಡಿಸಿದ್ರಿ?’ ಅಲ್ಲಿಂದ ನೇರ ಬಂದು ಈ ಲಕೋಟೆ ಬಿಚ್ಚಿದೆ. ಶನಿವಾರ ಅವನಿಗೆ ಹೊಸ ಪೊಟ್ಟಣ ಕೊಡಬೇಕು. ಆ ಚೀಟಿಯನ್ನು ನಾನು ಬರೆಯುವುದಿಲ್ಲ, ಜಾಗ ಖಾಲಿ ಬಿಟ್ಟಿದ್ದೇನೆ. ಶುಕ್ರವಾರದ ಬಸ್ಸಿಗೆ ಹೊರಡು.