ತೋಡಿನ ಕರೆಂಟು

೧೮ ಜುಲೈ, ಶುಕ್ರವಾರ. ನೆರಿಯ.

ಕರೆಂಟಿನ ಸಭೆಗೆ ಹೋಗಿ ದಿನ ಹಾಳಾಯಿತು. ಮಾಡಿನ ಮೇಲೆ ಸೋಲಾರ್ ಹಾಕಿ, ಉಳಿದದ್ದನ್ನು ಲೈನಿಗೆ ಮಾರಿ ಎಂದು ಆ ಆಫೀಸರು ಒಂದೇ ಸಮ ಕೊರೆದ. ಹೊರಗೆ ಧೋ ಎಂದು ಮಳೆ. ಎದ್ದು ಕೇಳಿದೆ: "ಆಟಿ ತಿಂಗಳ ಈ ಮಳೆಯಲ್ಲಿ ಬಿಸಿಲು ಎಲ್ಲುಂಟು ಮಾರಾಯ? ನನ್ನ ತೋಡಿನಲ್ಲಿ ಹರಿಯುವ ನೀರುಂಟು, ಅದರಿಂದ ಕರೆಂಟು ಮಾಡುವ ಟರ್ಬೈನ್ ಉಂಟು. ಆ ಕರೆಂಟು ತಕೊಳ್ತೀರಾ?"

"ಅದಕ್ಕೆ ಇನ್ನೂ ರೇಟ್ ಆಗಿಲ್ಲ ಅಜ್ಜ" ಎಂದು ನಕ್ಕ. ನಗಲಿಕ್ಕೆ ಏನುಂಟು?

ಮನೆಗೆ ಸರಕಾರದ ಲೈನ್ ಬಂದ ಮೇಲೆ ಟರ್ಬೈನ್ ನಿಂತಿತು. ಅದು ತಿರುಗುತ್ತಿದ್ದ ಕಾಲದಲ್ಲಿ, ನೀರು ಒಳಹೋಗುವ ಜಾಲರಿಗೆ ಕಸ ಕಟ್ಟಿ ಬಲ್ಬು ಮಂಕಾದರೆ ನನ್ನ ಹೆಂಡತಿ ಜಲಜಾಕ್ಷಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಓಯ್, ಜಾಲರಿಗೆ ಎಲೆ ಸಿಕ್ಕಿದೆ, ಹೋಗಿ ತೆಗೀರಿ!" ಬೈಯುತ್ತಲೇ ಹೋಗಿ ತೆಗೆಯುತ್ತಿದ್ದೆ. ತಿರುಗಿ ನೋಡಿದರೆ ಮನೆಯಲ್ಲಿ ಬೆಳಕು, ಬಾಗಿಲಲ್ಲಿ ಅವಳು.

ಅವಳು ತೀರಿಕೊಂಡು ಎರಡು ಮಳೆಗಾಲವಾಯಿತು.

ಇವತ್ತು ಮುಸ್ಸಂಜೆ ಲೈನಿನ ವೋಲ್ಟೇಜ್ ಬಿದ್ದು ಬಲ್ಬು ಮಂಕಾಯಿತು. ನಾನು ಕೊಡೆ ಹಿಡಿದು ತೋಡಿಗೆ ಹೋಗಿ ಜಾಲರಿಯ ಎಲೆಯನ್ನೆಲ್ಲ ತೆಗೆದೆ. ಟರ್ಬೈನ್ ನಿಂತದ್ದು ನೆನಪಾದದ್ದು ಆಮೇಲೆ. ಆದರೂ ತಿರುಗಿ ಬಾಗಿಲು ನೋಡಿದೆ.

ಅವರ ರೇಟ್ ಹಾಳಾಗಿ ಹೋಗಲಿ. ನಾಳೆ ಗ್ರೀಸ್ ಹಾಕಿ ಟರ್ಬೈನ್ ತಿರುಗಿಸುತ್ತೇನೆ. ಲೈನಿಗಲ್ಲ, ಅಡುಗೆಮನೆಯ ಒಂದು ಬಲ್ಬಿಗೆ. ಅದು ಮಂಕಾದಾಗ ಕೂಗಿ ಹೇಳಲಿಕ್ಕೆ ಮಾತ್ರ ಅವಳಿಲ್ಲ.